ತಿನ್ನುತ್ತಿದ್ದಾಳಲ್ಲ ಎಂಬ ನೆಪ

ಗುಬ್ಬಿ ಎಂಬುದು ನಮ್ಮ ಬೆಕ್ಕಿನ ಹೆಸರು. ಮನೆಗೆ ಬಂದ ದಿನ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವಳಾಗಿದ್ದುದರಿಂದ ಅಕ್ಕ ಆ ಹೆಸರಿಟ್ಟಿದ್ದಳು. ಹಕ್ಕಿಯ ಹೆಸರನ್ನು ಬೆಕ್ಕಿಗೆ ಇಟ್ಟದ್ದರ ತಮಾಷೆ ನಮಗೆ ಹೊಳೆದದ್ದು ಅವಳು ಮೊದಲ ಬೇಟೆಯನ್ನು ಬಾಗಿಲಿಗೆ ತಂದು ಹಾಕಿದ ಮೇಲೆಯೇ. 14ನೆಯ ವಯಸ್ಸಿನಲ್ಲಿ ಅವಳಿಗೆ ಮೂತ್ರಪಿಂಡದ ಕಾಯಿಲೆ ಇರುವುದು ಗೊತ್ತಾಯಿತು, 16ರಲ್ಲಿ ಅವಳನ್ನು ಕಳುಹಿಸಿಕೊಟ್ಟೆವು. ಕೊನೆಯ ಎಂಟು ವಾರ ನಾನು ಒಂದೇ ಒಂದು ಗುರುತನ್ನು ನೆಚ್ಚಿಕೊಂಡು ಕುಳಿತಿದ್ದೆ, ಆ ಗುರುತೇ ನನ್ನ ದಾರಿ ತಪ್ಪಿಸಿತು.

ವಯಸ್ಸಾದ ಬೆಕ್ಕುಗಳಲ್ಲಿ ಈ ಕಾಯಿಲೆ ಅಪರೂಪವೇನಲ್ಲ. ಮೂತ್ರಪಿಂಡಗಳು ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತಪರೀಕ್ಷೆಯಲ್ಲಿ ಏರಿದ್ದು ಕಾಣಿಸುವ ಹೊತ್ತಿಗೆ ಮೂತ್ರಪಿಂಡಗಳು ತಮ್ಮ ಸಾಮರ್ಥ್ಯದ ಬಹುಪಾಲನ್ನು ಕಳೆದುಕೊಂಡಿರುತ್ತವೆ, ಕಳೆದುಹೋದದ್ದು ಮರಳಿ ಬರುವುದಿಲ್ಲ. ದಿನ ಬಿಟ್ಟು ದಿನ 100 ಮಿಲಿಲೀಟರ್ ಸಲೈನನ್ನು ಚರ್ಮದಡಿಗೆ ಕೊಡುವುದನ್ನು ವೈದ್ಯರು ಕಲಿಸಿಕೊಟ್ಟರು. ಹೆಗಲುಗಳ ನಡುವಿನ ಸಡಿಲ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಸೂಜಿ ಹಾಕಿದರೆ ಅಲ್ಲೊಂದು ಮೆತ್ತನೆಯ ಉಬ್ಬು ಮೂಡಿ, ಮುಂಗಾಲಿನ ಕಡೆಗೆ ಜಾರಿ, ಕೆಲವು ಗಂಟೆಗಳಲ್ಲಿ ಕರಗುತ್ತಿತ್ತು. ಹಸಿವಿಗೆಂದು ಮಿರ್ಟಾಜಪೈನ್ ಮುಲಾಮು ಬಂತು. ಅದನ್ನು ಕೈಗವಸು ತೊಟ್ಟು ಕಿವಿಯ ಒಳಬದಿಗೆ ಸವರಬೇಕು.

ಆ ಮುಲಾಮು ಚೆನ್ನಾಗಿಯೇ ಕೆಲಸ ಮಾಡಿತು. ಅಕ್ಕ ದಿನವೂ ಫೋನ್ ಮಾಡಿ "ಹೇಗಿದ್ದಾಳೆ?" ಎಂದು ಕೇಳುವಳು, ನಾನು "ತಿನ್ನುತ್ತಿದ್ದಾಳಲ್ಲ" ಎನ್ನುವೆ, ಮಾತು ಅಲ್ಲಿಗೆ ಮುಗಿಯುವುದು. ಪ್ರಾಣಿ ತಾನಾಗಿಯೇ ಊಟ ಬಿಡುತ್ತದೆ, ಆಗ ನಮಗೆ ತಿಳಿಯುತ್ತದೆ ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದೆ. ಊಟ ಬಿಡದಂತೆ ಔಷಧ ಹಚ್ಚುತ್ತಿದ್ದವನೂ ನಾನೇ, ಬಿಡಲಿ ಎಂದು ಕಾಯುತ್ತಿದ್ದವನೂ ನಾನೇ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಅದನ್ನು ತೋರಿಸಿಕೊಟ್ಟವರು ವೈದ್ಯರು. "ತಿನ್ನುವುದನ್ನು ಬಿಟ್ಟು ಇನ್ನೇನು ಮಾಡುತ್ತಾಳೆ ಹೇಳಿ" ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ರೂಪಿಸಿದ ಒಂದು ಅಳತೆಪಟ್ಟಿಯನ್ನು ಅವರು ನನಗೆ ಕೊಟ್ಟರು. ನೋವು, ಹಸಿವು, ದೇಹದ ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ವಿಷಯಗಳಿಗೆ ತಲಾ 10ರವರೆಗೆ ಅಂಕ ಕೊಟ್ಟು, ಮೊತ್ತ 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು ಎಂಬುದು ಅದರ ಲೆಕ್ಕ. ನಾನು 41 ಕೊಟ್ಟೆ. ವಾರಕ್ಕೊಮ್ಮೆ ಮಾತ್ರ ಬಂದು ನೋಡುತ್ತಿದ್ದ ಅಕ್ಕ ಕೊಟ್ಟದ್ದು 27. ಆ ಪಟ್ಟಿ ತೀರ್ಪು ಕೊಡುವ ಯಂತ್ರವೇನಲ್ಲ. ಒಂದೇ ಬೆಕ್ಕನ್ನು ನೋಡುತ್ತಿದ್ದ ನಮ್ಮಿಬ್ಬರ ನಡುವೆ 14 ಅಂಕಗಳ ಅಂತರ ಹೇಗೆ ಬಂತು ಎಂದು ಜಗಳವಾಡಲು ಕೂರಿಸಿದ್ದೇ ಅದರಿಂದ ನಮಗಾದ ದೊಡ್ಡ ಉಪಕಾರ.

ದಿನವೂ ನೋಡುವವನು ಇಂದನ್ನು ನಿನ್ನೆಯೊಡನೆ ಹೋಲಿಸುತ್ತಾನೆ, ನಿನ್ನೆಗೂ ಇಂದಿಗೂ ಹೆಚ್ಚಿನ ವ್ಯತ್ಯಾಸವೇ ಇರುವುದಿಲ್ಲ. ಅಕ್ಕ ತನ್ನ ಫೋನಿನಲ್ಲಿದ್ದ ಒಂದು ವರ್ಷದ ಹಿಂದಿನ ವಿಡಿಯೊ ತೆಗೆದು ತೋರಿಸಿದಳು. ಅದರಲ್ಲಿ ಗುಬ್ಬಿ ಕಿಟಕಿಯ ಕಟ್ಟೆಗೆ ಒಂದೇ ನೆಗೆತಕ್ಕೆ ಏರಿ, ಹಿಂಗಾಲನ್ನು ಮೇಲೆತ್ತಿ, ಗಂಭೀರವಾಗಿ ಹೊಟ್ಟೆ ನೆಕ್ಕಿಕೊಳ್ಳುತ್ತಿದ್ದಳು. ಈಗಿನ ಗುಬ್ಬಿ ನೀರಿನ ಬಟ್ಟಲಿನ ಮೇಲೆ ತಲೆ ಬಗ್ಗಿಸಿಕೊಂಡು, ಕುಡಿಯದೆ, ಅರ್ಧಗಂಟೆ ಕುಳಿತಿರುತ್ತಿದ್ದಳು. ಬೆನ್ನಿನ ಕೂದಲು ಜಡೆಗಟ್ಟಿತ್ತು, ಬಾಯಿಯಿಂದ ಕಟುವಾದ ವಾಸನೆ ಬರುತ್ತಿತ್ತು. ಗುರುಗುಟ್ಟುತ್ತಾಳಲ್ಲ ಎಂದು ನಾನು ಕೊನೆಯ ವಾದ ಹೂಡಿದೆ. ಬೆಕ್ಕುಗಳು ನೋವಿನಲ್ಲಿಯೂ ಗುರುಗುಟ್ಟುತ್ತವೆ ಎಂದು ವೈದ್ಯರು ಹೇಳಿದ ಮೇಲೆ ಅದೂ ಉಳಿಯಲಿಲ್ಲ. ಮತ್ತೊಮ್ಮೆ ಅಂಕ ಹಾಕಿದಾಗ ನನ್ನದೂ 30 ದಾಟಲಿಲ್ಲ.

ದಿನ ಗೊತ್ತುಮಾಡಿದ್ದು ನನಗೆ ದ್ರೋಹವೆನಿಸಿತು, ಈಗಲೂ ಕೆಲವೊಮ್ಮೆ ಅನಿಸುತ್ತದೆ. ಆದರೆ ತಡಮಾಡಿದ ಆ ವಾರಗಳು ಅವಳಿಗಾಗಿ ಇರಲಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆ ಬೆಳಿಗ್ಗೆ ಮುಲಾಮು ಹಚ್ಚಲಿಲ್ಲ. ಬಟ್ಟಲು ಇಟ್ಟೆ, ಮೂಸಿ, ತಿರುಗಿ ಕುಳಿತಳು. ವೈದ್ಯರು ಮನೆಗೇ ಬಂದು, ಮೊದಲು ಮಂಪರಿನ ಚುಚ್ಚುಮದ್ದು ಕೊಟ್ಟು, ಅವಳ ತಲೆ ನನ್ನ ಮೊಣಕೈಯ ಮೇಲೆ ಭಾರವಾಗುವವರೆಗೂ ಕಾದು, ಆಮೇಲೆ ಅರಿವಳಿಕೆಯ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟರು. ಎದೆಬಡಿತ ನಿಂತ ಮೇಲೂ ಒಂದೆರಡು ಉಸಿರು ಬಂದಂತೆ ಕಾಣಬಹುದು, ಕಣ್ಣು ತೆರೆದೇ ಇರುತ್ತದೆ ಎಂದು ಮೊದಲೇ ತಿಳಿಸಿದ್ದರು. ಅಕ್ಕ ಅದನ್ನು ಕೇಳಿಸಿಕೊಂಡು ತಲೆಯಾಡಿಸಿದ್ದಳು. ಆದರೂ ಬೆರಳಿನಿಂದ ಆ ರೆಪ್ಪೆಗಳನ್ನು ಎರಡು ಸಲ ಮುಚ್ಚಲು ನೋಡಿದಳು.