ಬಡ್ತಿ ಬಂದರೂ ಭಯ

ಬಡವರ ಮಕ್ಕಳ ಡೇ ಕೇರ್‌ಗೆ ಸರ್ಕಾರ ಕೊಡುವ ಸಹಾಯಧನದಲ್ಲಿ ನನಗೆ ತೀರಾ ಬೇಸರ ತರಿಸುವುದು ಆದಾಯದ ಮಿತಿ. ಅಮೆರಿಕದ ಒಂದು ಡೇ ಕೇರ್‌ನಲ್ಲಿ ನಾನು ಪುಟ್ಟ ಕೂಸುಗಳನ್ನು ನೋಡಿಕೊಳ್ಳುತ್ತೇನೆ. ಕಳೆದ ತಿಂಗಳು ಒಬ್ಬ ತಾಯಿ ಸಂಬಳದ ಚೀಟಿ ತೋರಿಸಿ, ಬಡ್ತಿ ಬೇಡ ಅಂದುಬಿಡಲಾ ಎಂದು ಕೇಳಿದಳು. ಗಂಟೆಗೆ ಒಂದು ಡಾಲರ್ ಜಾಸ್ತಿ ಸಿಗುತ್ತದೆ, ನಿಜ. ಆದರೆ ಮಿತಿ ದಾಟಿದರೆ ಮಗುವಿನ ಪೂರ್ತಿ ಫೀಸು ಅವಳ ತಲೆ ಮೇಲೆ. ದುಡಿದು ಮೇಲೆ ಬಂದವರಿಗೆ ಇದು ಶಿಕ್ಷೆಯೇ ಅಲ್ವಾ?

2014ರಲ್ಲಿ ಇಲ್ಲಿನ ಕಾನೂನು ಸ್ವಲ್ಪ ಸುಧಾರಿಸಿತು. ಒಮ್ಮೆ ಅರ್ಹತೆ ಸಿಕ್ಕರೆ ಕನಿಷ್ಠ 12 ತಿಂಗಳು ಸಹಾಯ ಮುಂದುವರಿಯಬೇಕು. ಆದಾಯ ತುಸು ಏರಿತು ಅಂತ ಮಧ್ಯದಲ್ಲೇ ಕಿತ್ತುಕೊಳ್ಳುವಂತಿಲ್ಲ. ಒಳ್ಳೆಯದೇ. ಆದರೆ ಅರ್ಹತೆ ಇದ್ದವರಿಗೆಲ್ಲ ಹಣ ಸಿಗುವುದಿಲ್ಲ, ಎಷ್ಟೋ ಕಡೆ ಕಾಯುವ ಪಟ್ಟಿ ಇದೆ.

ಡೇ ಕೇರ್‌ನ ನಿಯಮ ಸಡಿಲಿಸಿ, ನೋಡಿಕೊಳ್ಳುವ ಒಬ್ಬರಿಗೇ ಹೆಚ್ಚು ಮಕ್ಕಳನ್ನು ಒಪ್ಪಿಸಿದರೆ ಖರ್ಚು ತಗ್ಗುತ್ತದೆ ಅಂತ ಕೆಲವರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಕೂಸಿಗೆ ಬಾಟಲಿ ಹಿಡಿದಿರುವಾಗ ಇನ್ನೊಂದು ವಾಂತಿ ಮಾಡಿಕೊಳ್ಳುತ್ತದೆ, ಮೂರನೆಯದು ನಿದ್ದೆಯಿಂದೆದ್ದು ಅಳುತ್ತದೆ. ಇರುವುದು ಎರಡೇ ಕೈ. ಬಡವರ ಮಗು ಅಂತ ಕಡಿಮೆ ನಿಗಾ ಸಾಕೇ? ಸಹಾಯಧನ ಹೆಚ್ಚಿಸಲಿ, ಆದಾಯ ಏರಿದಂತೆ ಅದನ್ನು ಮೆಲ್ಲಗೆ ಇಳಿಸಲಿ. ಆ ತಾಯಿಗೆ ಬಡ್ತಿ ಬಿಡಬೇಡ ಅಂದೆ. ಆದಾಯದ ವಿವರ ಹಿಡಿದು ಇಬ್ಬರೂ ಕಚೇರಿಗೆ ಹೋಗುತ್ತಿದ್ದೇವೆ.