ಹಳೆಯ ಹಡಗಿನಲ್ಲಿ ಎರಡು ರಾತ್ರಿ, ಅಮ್ಮನ ಜೊತೆ

ಅಮ್ಮ ಹುಟ್ಟಿದ್ದು, ಮದುವೆಯಾಗಿ ಬಂದದ್ದು, ನಮ್ಮನ್ನು ಸಾಕಿದ್ದು ಎಲ್ಲ ಕಡಲ ಬದಿಯಲ್ಲೇ. ಮಲ್ಪೆಯ ನಮ್ಮ ಮನೆಯ ಹಿಂಬಾಗಿಲು ತೆಗೆದರೆ ನಾಲ್ಕು ತೆಂಗಿನ ಮರ, ಆಮೇಲೆ ಮರಳು, ಆಮೇಲೆ ನೀರು. ಅಪ್ಪ ಆಳಸಮುದ್ರ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಒಮ್ಮೆ ಹೋದರೆ ಬರುವುದು ಹತ್ತು ದಿನಕ್ಕೆ. ಆ ಹತ್ತು ದಿನ ಅಮ್ಮ ಪಾತ್ರೆ ತೊಳೆಯುತ್ತಾ, ಬಟ್ಟೆ ಒಣಗಿಸುತ್ತಾ ಕಡಲ ಕಡೆಗೆ ಹಾಯಿಸುತ್ತಿದ್ದ ನೋಟ ನನ್ನ ಕಣ್ಣಲ್ಲಿ ಇನ್ನೂ ಹಾಗೇ ಉಂಟು. ಆದರೆ ಅರುವತ್ತೆಂಟು ವರ್ಷದಲ್ಲಿ ಅಮ್ಮ ಕಡಲಿಗೆ ಹೋದದ್ದು ಒಂದೇ ಸಲ, ಸೈಂಟ್ ಮೇರಿಸ್ ದ್ವೀಪಕ್ಕೆ. ಅಲ್ಲಿಂದಲೂ ಮನೆಯ ತೆಂಗಿನ ಮರ ಕಾಣುತ್ತದೆ.

ಅಪ್ಪ ತೀರಿಹೋಗಿ ಮೂರು ವರ್ಷವಾಯಿತು. ಹಾಗಿರುವಾಗ ಮುಂಬಯಿಯಿಂದ ಚಿಕ್ಕಮ್ಮ ಫೋನ್ ಮಾಡಿದರು. ಮುಂಬಯಿಯಿಂದ ಗೋವಾಕ್ಕೆ ಹೋಗಿ ಬರುವ ಹಡಗು, ಎರಡು ರಾತ್ರಿ, ಮೂವರೂ ಹೋಗುವ ಅಂತ. ಅಮ್ಮ ಮೊದಲು ಬೇಡವೇ ಬೇಡ ಎಂದಳು. "ಕಡಲು ನೋಡಲಿಕ್ಕೆ ಮುಂಬಯಿಗೆ ಯಾಕೆ ಹೋಗಬೇಕು ಮಗಾ?" ನನಗೆ ಉತ್ತರ ಗೊತ್ತಿರಲಿಲ್ಲ. ಆದರೂ ಟಿಕೆಟ್ ಮಾಡಿಸಿದೆ.

ಟಿಕೆಟ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಜಾಹೀರಾತಿನಲ್ಲಿ ಕಾಣುವ ದರವನ್ನು ನಂಬಿ ಲೆಕ್ಕ ಹಾಕಬೇಡಿ. ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಯ ಟಿಪ್ಸ್ ಎಲ್ಲ ಅದರ ಮೇಲೆ ಸೇರುತ್ತದೆ. ನಮಗೆ ಕೊನೆಗೆ ಬಿದ್ದದ್ದು ಮೊದಲು ಕಂಡದ್ದರ ಹತ್ತಿರ ಹತ್ತಿರ ಒಂದೂವರೆ ಪಟ್ಟು.

ನಮ್ಮ ಹಡಗು ಮೂವತ್ತು ವರ್ಷ ದಾಟಿದ್ದು. ಈಗಿನ ಲೆಕ್ಕದಲ್ಲಿ ಚಿಕ್ಕದು. 2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದಿ ಸೀಸ್ ಎಂಬ ಹಡಗು ಸುಮಾರು 365 ಮೀಟರ್ ಉದ್ದ, ಇಪ್ಪತ್ತು ಡೆಕ್, ಅಂದರೆ ಮಹಡಿ. ಅದರ ಪಕ್ಕ ನಿಲ್ಲಿಸಿದರೆ ನಮ್ಮದು ಮರಿ. ಆದರೆ ಮುಂಬಯಿಯ ಬ್ಯಾಲಾರ್ಡ್ ಪಿಯರ್‌ನಲ್ಲಿ ಅದರ ಬುಡಕ್ಕೆ ಬಂದು ನಿಂತಾಗ ಅಮ್ಮ ತಲೆ ಎತ್ತಿ ನೋಡಿ, ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಮಲ್ಪೆ ಬಂದರಿನ ಬೋಟುಗಳನ್ನು ಒಂದರ ಮೇಲೊಂದು ಪೇರಿಸಿದರೂ ಆ ಎತ್ತರ ಮುಟ್ಟುವುದು ಕಷ್ಟ.

ಹತ್ತುವಾಗ ವಿಮಾನ ನಿಲ್ದಾಣದ ಹಾಗೆಯೇ ತಪಾಸಣೆ. ದೊಡ್ಡ ಬ್ಯಾಗಿಗೆ ಚೀಟಿ ಕಟ್ಟಿ ಕೆಳಗೇ ತೆಗೆದುಕೊಳ್ಳುತ್ತಾರೆ, ಅದು ನಿಮ್ಮ ಕೋಣೆಗೆ ಬರಲು ಎರಡು ಮೂರು ಗಂಟೆ ಬೇಕು. ಬಿಪಿ ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇಸ್ತ್ರಿ ಪೆಟ್ಟಿಗೆ, ಊದುಬತ್ತಿ, ಬೆಂಕಿಪೊಟ್ಟಣ ಯಾವುದನ್ನೂ ಬಿಡುವುದಿಲ್ಲ. ಹಡಗಿನವರಿಗೆ ಗಾಳಿಗಿಂತ ಬೆಂಕಿಯ ಭಯ ಜಾಸ್ತಿ. ಅಮ್ಮನ ಚೀಲದಲ್ಲಿ ಸಣ್ಣ ದೀಪ, ಬತ್ತಿ, ಬೆಂಕಿಪೊಟ್ಟಣ ಮೂರೂ ಇತ್ತು. ದೀಪ ಮಾತ್ರ ವಾಪಸ್ ಸಿಕ್ಕಿತು. ಬಾಳೆಲೆಯಲ್ಲಿ ಸುತ್ತಿದ ಶಂಕರಪುರ ಮಲ್ಲಿಗೆಯನ್ನು ತಪಾಸಣೆಯ ಹುಡುಗಿ ಮೂಸಿ ನೋಡಿ, ನಕ್ಕು ಕೈಗೆ ಕೊಟ್ಟಳು.

ನಮ್ಮದು ಒಳಗಿನ ಕೋಣೆ, ಕಿಟಕಿ ಇಲ್ಲ. ಹಳೆಯ ಹಡಗುಗಳಲ್ಲಿ ಬಾಲ್ಕನಿ ಇರುವ ಕೋಣೆ ತುಂಬಾ ಕಡಿಮೆ, ಆ ಕಾಲದಲ್ಲಿ ಅದರ ವಾಡಿಕೆ ಅಷ್ಟಿರಲಿಲ್ಲ. ಎರಡು ಮಂಚ ಕೆಳಗೆ, ಮೂರನೆಯದು ರೈಲಿನ ಅಪ್ಪರ್ ಬರ್ತ್ ಹಾಗೆ ಗೋಡೆಯಿಂದ ಇಳಿಯುತ್ತದೆ. ಪ್ಲಗ್ ಪಾಯಿಂಟ್ ಒಂದೇ, ಮೇಜಿನ ಹತ್ತಿರ. ಮೂರು ಫೋನು ಸರದಿಯಲ್ಲಿ ಚಾರ್ಜ್ ಆಗಬೇಕು. ಬಚ್ಚಲಿನಲ್ಲಿ ಇಬ್ಬರು ನಿಲ್ಲಲು ಆಗದು. ಫ್ಲಶ್ ಒತ್ತಿದರೆ ಗಾಳಿ ಎಳೆದುಕೊಂಡು ಭರ್ ಎಂದು ಕೂಗುತ್ತದೆ, ಚಿಕ್ಕಮ್ಮ ಮೊದಲ ಸಲ ಹೆದರಿ ಹೊರಗೆ ಓಡಿಬಂದರು. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ನಾನು ಇನ್ನೊಮ್ಮೆ ಹೋಗುವುದಾದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಗಾಜಿನ ಕಿಟಕಿಯ ಕೋಣೆ ಹಿಡಿಯುತ್ತೇನೆ, ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ. ತೂಗಾಟ ಅಲ್ಲಿ ಕಡಿಮೆ.

ಅಮ್ಮ ಮಂಚದ ತಲೆಕಡೆಯ ಗೂಡಿನಲ್ಲಿ ದೀಪ ಇಟ್ಟು, ಹಚ್ಚದೆಯೇ, ಅದರ ಮುಂದೆ ಒಂದು ತುಂಡು ಮಲ್ಲಿಗೆ ಇಟ್ಟಳು. ಆ ಪುಟ್ಟ ಕೋಣೆ ಎರಡು ದಿನವೂ ಮಲ್ಲಿಗೆಯ ಪರಿಮಳದಲ್ಲೇ ಇತ್ತು.

ಹೊರಡುವ ಮೊದಲು ಎಲ್ಲರನ್ನೂ ಡ್ರಿಲ್‌ಗೆ ಕರೆಯುತ್ತಾರೆ. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಲೈಫ್ ಜಾಕೆಟ್ ಹಾಕಿಕೊಂಡು ನಮ್ಮ ನಮ್ಮ ಜಾಗಕ್ಕೆ ಬಂದು ನಿಲ್ಲಬೇಕು. ಸುತ್ತ ಇದ್ದವರೆಲ್ಲ ಫೋನು ನೋಡುತ್ತಿದ್ದರು. ಅಮ್ಮ ಒಬ್ಬಳೇ ಜಾಕೆಟಿನ ಪಟ್ಟಿ ಎಲ್ಲಿ, ಸೀಟಿ ಎಲ್ಲಿ, ದೀಪ ಎಲ್ಲಿ ಎಂದು ಮುಟ್ಟಿ ಮುಟ್ಟಿ ನೋಡಿದಳು. ಬೋಟು ಮುಳುಗಿದ ಸುದ್ದಿ ಪೇಪರಿನಲ್ಲಿ ಓದಿದವರಿಗೂ ಪಕ್ಕದ ಮನೆಯಿಂದ ಕೇಳಿದವರಿಗೂ ಅಷ್ಟು ವ್ಯತ್ಯಾಸ ಇರುತ್ತದೆ. ದಯವಿಟ್ಟು ಆ ಹದಿನೈದು ನಿಮಿಷ ಗಮನ ಕೊಡಿ.

ಚಿಕ್ಕ ಹಡಗಿನ ದೊಡ್ಡ ಸುಖ ಏನೆಂದರೆ ದಾರಿ ತಪ್ಪುವುದಿಲ್ಲ. ಒಂದು ಗಂಟೆಯಲ್ಲಿ ಅಮ್ಮ ಊಟದ ಹಾಲ್, ಮೆಟ್ಟಿಲು, ಹೊರಗಿನ ಡೆಕ್ ಎಲ್ಲ ಕಲಿತುಬಿಟ್ಟಳು. ಡೆಕ್‌ಗೆ ಹೋಗುವ ಬಾಗಿಲಿಗೆ ಒಳ್ಳೆ ಎತ್ತರದ ಕಬ್ಬಿಣದ ಹೊಸ್ತಿಲು, ನೀರು ಒಳಗೆ ಬಾರದಿರಲಿ ಎಂದು. ತುಂಬಾ ಜನ ಎಡವುತ್ತಿದ್ದರು. ಅಮ್ಮ ಎಡವಲಿಲ್ಲ. ಮನೆಯ ಅಭ್ಯಾಸ, ಹೊಸ್ತಿಲು ತುಳಿಯದೆ ದಾಟಿದಳು.

ಡೆಕ್‌ನ ಕಂಬಿ ಹಿಡಿದು ಅಮ್ಮ ಅಲ್ಲಿಯೇ ನಿಂತಳು. ಬೆರಳಿನಿಂದ ಅದನ್ನು ಸವರುತ್ತಿದ್ದಳು. ಬಣ್ಣದ ಮೇಲೆ ಬಣ್ಣ, ಅದರ ಮೇಲೆ ಬಣ್ಣ. ಬೋಲ್ಟುಗಳ ಮೂಲೆಗಳೆಲ್ಲ ಮುಚ್ಚಿ ಸಾಬೂನಿನ ತುಂಡಿನ ಹಾಗೆ ಉರುಟಾಗಿದ್ದವು. ಒಂದು ಕಡೆ ಸಿಪ್ಪೆ ಎದ್ದಿತ್ತು. ಬಿಳಿ, ಅದರಡಿ ಇನ್ನೊಂದು ಬಿಳಿ, ಅದರಡಿ ನೀಲಿ, ಮತ್ತೆ ಕೆಂಪು, ಕೊನೆಗೆ ತುಕ್ಕು. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ರಜೆ ಇರುವಾಗ ಮಲ್ಪೆಯಲ್ಲಿ ಬೋಟುಗಳಿಗೆ ಮಾಡುವುದೂ ಇದನ್ನೇ. ತುಕ್ಕು ಕೆರೆಯುವುದು, ಬಣ್ಣ ಹೊಡೆಯುವುದು. "ಇದೂ ಬೋಟೇ," ಎಂದಳು ಅಮ್ಮ. ಆ ಮಾತಿನ ನಂತರ ಅವಳ ಬಿಗಿತ ಸಡಿಲವಾಯಿತು.

ಅಲ್ಲೇ ಸ್ವಲ್ಪ ಆಚೆ ಒಬ್ಬ ಹುಡುಗ ಕಿತ್ತಳೆ ಬಣ್ಣದ ಡ್ರೆಸ್ಸಿನಲ್ಲಿ ಕೂತು ಕಂಬಿಗೆ ಬಣ್ಣ ಹಚ್ಚುತ್ತಿದ್ದ. ನಮ್ಮ ಮಾತು ಕಿವಿಗೆ ಬಿದ್ದು ತಿರುಗಿದ. "ಹ್ವಾಯ್, ನೀವ್ ಉಡುಪಿ ಬದಿಯವ್ರಾ?" ಕುಂದಾಪುರದವನು! ಡೆಕ್ ಕೆಲಸದಲ್ಲಿ ಎರಡು ವರ್ಷದಿಂದ ಇದ್ದಾನೆ. ಅಮ್ಮ ಅವನ ಮನೆ, ಅಪ್ಪ, ಅಮ್ಮ, ಯಾವ ದೇವಸ್ಥಾನದ ಹತ್ತಿರ ಎಲ್ಲ ಐದು ನಿಮಿಷದಲ್ಲಿ ವಿಚಾರಿಸಿ ಮುಗಿಸಿದಳು.

ಸಂಜೆ ಹಡಗು ದಕ್ಕೆ ಬಿಟ್ಟಿತು. ಕೊಲಾಬಾದ ತುದಿಯಾಚೆ ಬಂಡೆಯ ಮೇಲಿನ ಪ್ರಾಂಗ್ಸ್ ದೀಪಸ್ತಂಭ ಕಾಣಿಸಿತು, 1875ರದ್ದು. ನಮ್ಮ ಕಾಪುವಿನದ್ದು 1901ರದ್ದು, ಇದು ಅದಕ್ಕಿಂತ ಹಿರಿಯ. ಹಡಗಿಗೆ ಬಂದರಿನ ದಾರಿ ತೋರಿಸುವ ಪೈಲಟ್ ಇಳಿಯುವುದನ್ನೂ ನೋಡಿದೆವು. ಹಡಗು ನಿಲ್ಲುವುದಿಲ್ಲ. ಪಕ್ಕದಲ್ಲಿ ಒಂದು ಪುಟ್ಟ ಬೋಟು ಅಷ್ಟೇ ವೇಗದಲ್ಲಿ ಬಂದು ಒತ್ತಿಕೊಳ್ಳುತ್ತದೆ. ಆತ ಹಗ್ಗದ ಏಣಿಯಲ್ಲಿ ಇಳಿದು, ಅಲೆ ಬೋಟನ್ನು ಮೇಲೆತ್ತುವ ಒಂದು ಗಳಿಗೆಗೆ ಕಾದು, ಕಾಲು ಇಟ್ಟುಬಿಡುತ್ತಾನೆ. ನಮ್ಮ ಡೆಕ್ ನೀರಿಗೆ ಹತ್ತಿರ ಇದ್ದುದರಿಂದ ಆತನ ಶೂ ಕೂಡ ಕಂಡಿತು. ಹತ್ತಿಪ್ಪತ್ತು ಮಹಡಿಯ ಹಡಗಿನ ತುದಿಯಲ್ಲಿ ನಿಂತವರಿಗೆ ಇದು ಸಿಗುತ್ತಿರಲಿಲ್ಲ.

ಊಟದ ವಿಷಯದಲ್ಲಿ ದೂರಿಲ್ಲ. ಸಸ್ಯಾಹಾರ, ಜೈನ ಊಟ ಬೇರೆ ಬೇರೆ ಇರುತ್ತದೆ. ಮೊದಲ ಅರ್ಧ ಗಂಟೆ ನೂಕುನುಗ್ಗಲು, ಸ್ವಲ್ಪ ತಡೆದು ಹೋದರೆ ಆರಾಮ. ಕುಚ್ಚಲಕ್ಕಿ ಅನ್ನ ಇಲ್ಲ. ಮುಳ್ಳಿಲ್ಲದ ಬಿಳಿ ಮೀನಿನ ತುಂಡನ್ನು ಅಮ್ಮ ತಿರುಗಿಸಿ ನೋಡಿ ಹಾಗೇ ಬಿಟ್ಟಳು. ತಲೆ, ಬಾಲ ನೋಡದೆ ಮೀನು ತಿನ್ನುವುದು ಅವಳಿಗೆ ಒಗ್ಗದು. ಎರಡನೆಯ ದಿನ ಬಡಿಸುವ ಹುಡುಗಿಯೇ ನೆನಪಿಟ್ಟು ಮೊಸರನ್ನ, ಉಪ್ಪಿನಕಾಯಿ ತಂದಿಟ್ಟಳು. ಇದೂ ಚಿಕ್ಕ ಹಡಗಿನಲ್ಲೇ ಆಗುವಂಥದ್ದು.

ಬೇಸರವಾದದ್ದು ಗದ್ದಲ. ಈಜುಕೊಳದ ಹತ್ತಿರ ನಡುರಾತ್ರಿವರೆಗೆ ಡಿಜೆ. ಹಡಗು ಚಿಕ್ಕದಾದ ಕಾರಣ ತಪ್ಪಿಸಿಕೊಳ್ಳಲು ಜಾಗ ಕಡಿಮೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಮೇಲಿನ ಡೆಕ್‌ನ ಕೋಣೆ ತೆಗೆದುಕೊಳ್ಳಬೇಡಿ. ಇನ್ನೊಂದು ಮಾತು. ದಡ ಮರೆಯಾದ ಮೇಲೆ ಫೋನಿನ ಸಿಗ್ನಲ್ ಹೋಗುತ್ತದೆ. ಆಗ ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿಬಿಡಿ. ಇಲ್ಲದಿದ್ದರೆ ಕಡಲ ರೋಮಿಂಗ್ ಹಿಡಿದು ಬಿಲ್ ಏರಿಬಿಡುವ ಸಾಧ್ಯತೆ ಉಂಟು.

ಮಲಗಿದ ಮೇಲೆ ಹಡಗು ಮಾತಾಡಲು ಶುರುಮಾಡಿತು. ಗೋಡೆಯ ಹಲಗೆಗಳು ಕಿರ್ ಕಿರ್ ಎನ್ನುತ್ತವೆ, ಅಡಿಯಿಂದ ಇಂಜಿನ್ನಿನ ಗುಂಯ್ ಎಂಬ ನಡುಕ ಮಂಚಕ್ಕೆ ಬರುತ್ತದೆ. ಹಡಗಿನ ಎರಡೂ ಬದಿಗೆ ನೀರಿನೊಳಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತದೆ, ತೂಗಾಟ ತಗ್ಗಿಸಲು. ಆದರೂ ಪೂರ್ತಿ ನಿಲ್ಲುವುದಿಲ್ಲ. ಚಿಕ್ಕಮ್ಮನಿಗೆ ವಾಂತಿ ಬಂತು. ಮಾತ್ರೆ ಇದ್ದರೂ ತಲೆ ತಿರುಗಿದ ಮೇಲೆ ತಿಂದದ್ದು ಕೆಲಸಕ್ಕೆ ಬರಲಿಲ್ಲ. ಅದನ್ನು ಮೊದಲೇ ತೆಗೆದುಕೊಳ್ಳಬೇಕು, ವೈದ್ಯರನ್ನು ಕೇಳಿಯೇ. ಬೆಳಿಗ್ಗೆ ಹೊರಗೆ ಕೂರಿಸಿ, ಶುಂಠಿ ಜಗಿಯಲು ಕೊಟ್ಟು, ದೂರದ ಬಾನಂಚನ್ನು ನೋಡುತ್ತಿರಿ ಎಂದೆ. ಮಧ್ಯಾಹ್ನಕ್ಕೆ ಸರಿಯಾದರು. ಅಮ್ಮ ಮಾತ್ರ ಆ ರಾತ್ರಿ ಎಚ್ಚರವಿದ್ದೂ ಸುಮ್ನೆ ಮಲಗಿದ್ದಳು. "ನಿನ್ನ ಅಪ್ಪ ಮನೆಗೆ ಬಂದರೆ ಎರಡು ದಿನ ನಿದ್ದೆ ಬರುವುದಿಲ್ಲ ಅನ್ನುತ್ತಿದ್ದರು. ನೆಲ ಅಲ್ಲಾಡುವುದಿಲ್ಲ ಅಂತ." ಅಷ್ಟು ಹೇಳಿ ಗೋಡೆಯ ಕಡೆಗೆ ತಿರುಗಿದಳು.

ಗೋವಾದಲ್ಲಿ ಮರ್ಮುಗೋವಾ ಬಂದರಿನಲ್ಲಿ ಕೆಲವು ಗಂಟೆ. ಪೇಟೆ ಸುತ್ತಿ ಬಂದೆವು. ತಡವಾದರೆ ಹಡಗು ಕಾಯುವುದಿಲ್ಲ ಎಂಬ ಆತುರದಲ್ಲಿ ಹೆಚ್ಚೇನೂ ನೋಡಲಾಗಲಿಲ್ಲ.

ನಾನು ನಿಜವಾಗಿ ಹೇಳಬೇಕೆಂದಿರುವುದು ಎರಡನೆಯ ರಾತ್ರಿಯ ಬಗ್ಗೆ.

ಗೋವಾ ಬಿಟ್ಟು ಉತ್ತರಕ್ಕೆ ತಿರುಗಿ ಎರಡು ಮೂರು ಗಂಟೆ ಕಳೆದಿರಬೇಕು. ಊಟ ಮುಗಿಸಿ ನಾನು, ಅಮ್ಮ ಕೆಳಗಿನ ಹೊರ ಡೆಕ್‌ನಲ್ಲಿ, ಹಿಂಬದಿಗೆ ಬಂದು ನಿಂತೆವು. ಡಿಜೆ ಸದ್ದು ಅಲ್ಲಿಗೆ ಬರುತ್ತಿರಲಿಲ್ಲ. ತಂಪು ಗಾಳಿ. ಬಲಗಡೆ ದೂರದಲ್ಲಿ ದೀಪಗಳು, ಒಂದು, ಎರಡು, ಮತ್ತೆ ಸಾಲಾಗಿ. ಮೀನಿನ ಬೋಟುಗಳು. ಅಮ್ಮ ಬೆರಳು ಮಡಚಿ ಎಣಿಸತೊಡಗಿದಳು. ಮನೆಯ ಹಿಂಬಾಗಿಲಲ್ಲಿ ನಿಂತೂ ಹಾಗೆಯೇ ಎಣಿಸುತ್ತಿದ್ದಳು, ಅಪ್ಪ ಬರುವ ದಿನ.

"ಇದು ಯಾವ ಊರಿನ ಎದುರು?" ಕೇಳಿದಳು.

"ಮಾಲ್ವಣ ಇರಬೇಕು ಅಮ್ಮ."

ಅವಳ ಎಣಿಕೆ ನಿಂತಿತು. ನನಗೂ ಹೊಳೆಯಿತು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯ ಜೊತೆ ಕಾಣೆಯಾಗಿತ್ತು. ಮೀನುಗಾರರು ಕೆಲಸ ನಿಲ್ಲಿಸಿ ಹೆದ್ದಾರಿಗೆ ಇಳಿದಿದ್ದರು, ಹುಡುಕಿಕೊಡಿ ಎಂದು. ಅಪ್ಪನೂ ಹೋಗಿ ಕೂತಿದ್ದರು. 2019ರ ಮೇ ತಿಂಗಳ ಹೊತ್ತಿಗೆ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗಿನವರಿಗೆ ಅದರ ಅವಶೇಷ ಸಿಕ್ಕಿತು, ಇದೇ ಮಾಲ್ವಣದ ಆಚೆ, ನೀರಿನ ತಳದಲ್ಲಿ.

ಅಮ್ಮ ತಲೆಯಿಂದ ಮಲ್ಲಿಗೆ ತೆಗೆದು ಕೈಯಲ್ಲಿ ಹಿಡಿದಳು. ನೀರಿಗೆ ಹಾಕಲು ಕೈ ಚಾಚಿದಾಗ ಹಿಂದಿನಿಂದ "ಅಮ್ಮ, ಹಾಕ್ಬೇಡಿ" ಎಂದು ಮೆಲ್ಲಗೆ ಕೇಳಿತು. ಕುಂದಾಪುರದ ಹುಡುಗ, ರಾತ್ರಿಯ ಸುತ್ತಿಗೆ ಬಂದಿದ್ದ. ಹಡಗಿನಿಂದ ಏನನ್ನೂ ಕಡಲಿಗೆ ಹಾಕುವಂತಿಲ್ಲ, ಹೂವಾದರೂ. ಅಮ್ಮ ಕೈ ಹಿಂದೆ ತೆಗೆದಳು. ಯಾಕೆ ಎಂದು ನಾನು ಅವನಿಗೆ ಹೇಳಿದೆ. ಅವನು ಟೋಪಿ ತೆಗೆದು ನಮ್ಮ ಪಕ್ಕ ನಿಂತ.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಕೇಳಿದಳು, "ಇಷ್ಟು ದೊಡ್ಡ ಹಡಗಿಗೆ ಆ ಬೋಟುಗಳು ಕಾಣುತ್ತವಾ ಮಗಾ? ಇವಳ ಅಪ್ಪನಿಗೆ ಅದೇ ಹೆದರಿಕೆ. ಗಾಳಿ, ಮಳೆ ತಡೆದುಕೊಳ್ಳಬಹುದು, ಕತ್ತಲಲ್ಲಿ ದೊಡ್ಡ ಹಡಗು ಬಂದರೆ ಎಂತ ಮಾಡುವುದು ಅನ್ನುತ್ತಿದ್ದರು."

"ಕಾಣತ್ತ್ ಅಮ್ಮ. ಮೇಲೆ ಯಾವಾಗಲೂ ಕಾವಲಿಗೆ ಜನ ಇರ್ತ್ರ್, ರಾಡಾರೂ ಇತ್ತ್," ಎಂದ. ಆಮೇಲೆ ಮುಂದೆ ಒಂದು ಬೋಟನ್ನು ತೋರಿಸಿದ. ಅದರ ಕಂಬದಲ್ಲಿ ಮೇಲೆ ಹಸಿರು ದೀಪ, ಅದರಡಿ ಬಿಳಿ ದೀಪ. ಅದು ಬಲೆ ಎಳೆಯುತ್ತಿರುವ ಗುರುತು ಅಂತೆ. ಬಲೆ ಬಿಟ್ಟ ಬೋಟಿಗೆ ಥಟ್ಟನೆ ತಿರುಗಲು ಆಗುವುದಿಲ್ಲ. ಹಾಗಾಗಿ ಎಷ್ಟೇ ದೊಡ್ಡ ಹಡಗಾದರೂ ತಾನೇ ದಾರಿ ಬಿಡಬೇಕು, ಕಡಲಿನ ನಿಯಮ ಹಾಗೆ.

"ನಾವು ಬಿಡಬೇಕಾ? ಅವರಿಗೆ?"

"ಹೌದ್ ಅಮ್ಮ. ನೊರೆ ಕಾಣಿ, ಗೊತ್ತಾತ್ತ್."

ನಾವು ಹಿಂದಕ್ಕೆ ಬಗ್ಗಿ ನೋಡಿದೆವು. ಹಡಗಿನ ಹಿಂದೆ ನೊರೆಯ ಬಿಳಿ ದಾರಿ ದೀಪದ ಬೆಳಕಿನಲ್ಲಿ ನೆಟ್ಟಗೆ ಹೋಗಿತ್ತು. ಒಂದೆರಡು ನಿಮಿಷ ಹಾಗೇ ಇತ್ತು. ಆಮೇಲೆ ಕಾಲಡಿಯ ನೆಲ ಒಂಚೂರು ವಾಲಿದ ಹಾಗಾಯಿತು. ಅಮ್ಮ ನನ್ನ ತೋಳು ಹಿಡಿದಳು. ನೊರೆಯ ದಾರಿ ಮೆಲ್ಲಗೆ, ಕುಡುಗೋಲಿನ ಹಾಗೆ, ಬಾಗುತ್ತಾ ಬಂತು.

ಬೋಟು ನಮ್ಮ ಬಲಗಡೆಯಿಂದ ದೂರದಲ್ಲೇ ದಾಟಿ ಹಿಂದೆ ಸರಿಯಿತು. ಹಸಿರು, ಅದರಡಿ ಬಿಳಿ. ಅದು ಮರೆಯಾಗುವವರೆಗೆ ಅಮ್ಮ ಕಂಬಿ ಬಿಡಲಿಲ್ಲ. ಹುಡುಗ ತನ್ನ ಸುತ್ತು ಮುಂದುವರಿಸಲು ಹೊರಟಾಗ ಅವನನ್ನು ಕರೆದು, ಕೈಯಲ್ಲಿದ್ದ ಮಲ್ಲಿಗೆಯನ್ನು ಅವನ ಅಂಗಿಯ ಜೇಬಿಗೆ ಹಾಕಿದಳು.