ಐದು ನಾಲ್ಕಕ್ಕಿಂತ ದೊಡ್ಡದಲ್ವಾ?

ಬೆಳಿಗ್ಗೆ ಆರೂವರೆ. ಪಿಕಪ್‌ನ ಹಿಂದೆ ಹಲಗೆ ತುಂಬಿತ್ತು. ಫಸ್ಟ್‌ನಿಂದ ಸೆಕೆಂಡ್ ಗೇರಿಗೆ ಹಾಕಲು ಹೋದೆ. 'ಕರ್ರ್' ಅಂತ ಹಲ್ಲು ಕಡಿದ ಹಾಗೆ ಶಬ್ದ ಬಂತು. ಕ್ಲಚ್ ಪೂರ್ತಿ ಒತ್ತಿಲ್ಲವೇನೋ ಅಂದುಕೊಂಡು ಇನ್ನೊಮ್ಮೆ ಒತ್ತಿ ಹಾಕಿದೆ. ಮತ್ತೆ ಕರ್ರ್. ಮೂರನೆಯ ಸಲ ನಿಧಾನಕ್ಕೆ, ಕೈಯಲ್ಲಿ ಲಿವರನ್ನು ಓಲೈಸುತ್ತಾ ಹಾಕಿದಾಗ ಹೋಯಿತು.

ಹಿಂದಿನ ದಿನದವರೆಗೂ ಹೀಗಿರಲಿಲ್ಲ. ಹಿಂದಿನ ದಿನ ಸಂಜೆ ನಾನೇ ಗಾಡಿಯ ಕೆಳಗೆ ಮಲಗಿ ಗೇರ್ ಆಯಿಲ್ ಬದಲಿಸಿದ್ದೆ. ಅದೂ ಸುಮ್ನೆ ಯಾವುದೋ ಒಂದನ್ನಲ್ಲ, ಒಳ್ಳೆಯದು ಅಂತ ಹುಡುಕಿ ತಂದದ್ದು!

ನಾನು ಮರಗೆಲಸದವನು, ಮೆಕ್ಯಾನಿಕ್ ಅಲ್ಲ. ಗಾಡಿ 1989ರ ಮಾಡೆಲ್‌ನ ಸಣ್ಣ ಪಿಕಪ್. ಕಾರ್ಬುರೇಟರ್ ಇರುವ ಪೆಟ್ರೋಲ್ ಎಂಜಿನ್, ಐದು ಗೇರು, ಹಿಂದೆ ಪಟ್ಟೆ ಸ್ಪ್ರಿಂಗು. ಹಳೇ ಗಾಡಿ ಅಂದಮೇಲೆ ಅದಕ್ಕೆ ಹೊಸ ಕಾಲದ ಒಳ್ಳೆಯ ಆಯಿಲ್ ಹಾಕಿದರೆ ಇನ್ನಷ್ಟು ವರ್ಷ ಬಾಳುತ್ತದೆ ಅನ್ನುವುದು ನನ್ನ ಲೆಕ್ಕ. ಮ್ಯಾನುಯಲ್‌ನಲ್ಲಿ ಗೇರ್‌ಬಾಕ್ಸಿಗೆ ಜಿಎಲ್-4 ಅಂತ ಇತ್ತು. ಅದು ಆಯಿಲ್ ಬಗೆಯ ಹೆಸರು. ಅಂಗಡಿಯಲ್ಲಿ ಎದುರಿಗೆ ಜಿಎಲ್-5 ಡಬ್ಬಿ ಇತ್ತು. ಐದು ನಾಲ್ಕಕ್ಕಿಂತ ದೊಡ್ಡದಲ್ವಾ? ತಂದು ಸುರಿದೆ.

ಆಮೇಲೆ ಗೊತ್ತಾಯಿತು, ಡಬ್ಬಿಯ ಮೇಲಿನ ಆ ನಂಬರು ಪರೀಕ್ಷೆಯ ಅಂಕವಲ್ಲ. ಅದೊಂದು ಹೆಸರು, ಅಷ್ಟೆ.

ಗೇರ್‌ಬಾಕ್ಸಿನ ಒಳಗೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ಹೇಳಲೇಬೇಕು. ನಾವು ಗೇರ್ ಬದಲಿಸುವಾಗ ಒಂದು ಹಿತ್ತಾಳೆಯ ಬಳೆ ಹೋಗಿ ಗೇರಿನ ಓರೆಯಾದ ಕೋನ್‌ಗೆ ಒತ್ತಿಕೊಳ್ಳುತ್ತದೆ. ಸಿಂಕ್ರೊ ರಿಂಗ್ ಅನ್ನುವುದು ಅದಕ್ಕೇ. ಹಾಗೆ ಒತ್ತಿ, ಉಜ್ಜಿ, ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡನ್ನೂ ಒಂದೇ ವೇಗಕ್ಕೆ ತರುತ್ತದೆ. ಆಮೇಲಷ್ಟೇ ಹಲ್ಲಿಗೆ ಹಲ್ಲು ಕೂರುವುದು. ಅಂದರೆ ಅಲ್ಲಿ ಜಾರಬಾರದು, ಹಿಡಿಯಬೇಕು. ಆಯಿಲ್ ತುಂಬಿದ ಡಬ್ಬದೊಳಗೆ ಹಿಡಿತ ಬೇಕಾಗುವ ಒಂದು ಭಾಗವಿದೆ ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸೇರ್ಪಡೆ ಜಿಎಲ್-4ರ ಸುಮಾರು ಎರಡರಷ್ಟಿರುತ್ತದೆ. ವಿಪರೀತ ಒತ್ತಡದಲ್ಲೂ ಲೋಹಕ್ಕೆ ಲೋಹ ಅಂಟದಿರಲಿ ಅಂತ ಹಾಕುವುದು ಅದನ್ನು. ಸಿಂಕ್ರೊ ರಿಂಗಿನ ಪಾಲಿಗೆ ಇದು ಹಲಗೆ ಉಜ್ಜುವ ಮುಂಚೆ ಉಪ್ಪುಕಾಗದಕ್ಕೆ ಮೇಣ ಸವರಿದ ಹಾಗೆ. ಎಷ್ಟು ಉಜ್ಜಿದರೂ ಹಿಡಿಯುವುದಿಲ್ಲ. ವೇಗ ಹೊಂದುವ ಮೊದಲೇ ನಾನು ಲಿವರ್ ದಬ್ಬಿರುತ್ತೇನೆ, ಕರ್ರ್. ಜೊತೆಗೆ ಬಿಸಿಯಲ್ಲಿ ಗಂಧಕಕ್ಕೂ ಹಿತ್ತಾಳೆಗೂ ಆಗಿಬರುವುದಿಲ್ಲ, ನಿಧಾನಕ್ಕೆ ತಿನ್ನುತ್ತದೆ. ಎಲ್ಲಾ ಜಿಎಲ್-5 ಆಯಿಲೂ ಒಂದೇ ಸಮ ತಿನ್ನುವುದಿಲ್ಲ ನಿಜ. ಎರಡಕ್ಕೂ ಆಗುತ್ತದೆ ಅಂತ ಬರೆದಿರುವ ಡಬ್ಬಿಗಳೂ ಇವೆ. ನಾನು ತಂದದ್ದು ಅಂಥದ್ದಾಗಿರಲಿಲ್ಲ.

ಎರಡು ದಿನ ಹಾಗೇ ಓಡಿಸಿದೆ, ಹಟಕ್ಕೆ. ಮೂರನೆಯ ದಿನ ಬಿಸಿ ಇರುವಾಗಲೇ ಇಳಿಸಿದೆ. ಆ ವಾಸನೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಕೊಳೆತ ಮೊಟ್ಟೆ ಮತ್ತು ಸುಟ್ಟ ರಬ್ಬರು ಸೇರಿದ ಹಾಗೆ. ಅಂಗಿಗೆ ತಾಗಿದರೆ ಆ ಅಂಗಿ ಇನ್ನು ಗಾಡಿಯ ಅಂಗಿ. ಜಿಎಲ್-4 ತುಂಬಿ ಒಂದಷ್ಟು ಓಡಿಸಿ, ಅದನ್ನೂ ಇಳಿಸಿ, ಮತ್ತೆ ಹೊಸದು ತುಂಬಿದೆ. ಕರ್ರ್ ಸದ್ದು ಒಂದೇ ದಿನಕ್ಕೆ ಹೋಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಹೋಯಿತು.

ಹಾಗಂತ ಜಿಎಲ್-4 ಎಲ್ಲಾ ಗೇರ್‌ಬಾಕ್ಸಿಗೂ ಸರಿ ಅಂತಲೂ ಅಲ್ಲ. ಫೋರ್ಡ್ ರೇಂಜರ್‌ನಲ್ಲಿ ಬಂದ ಎಂ5ಒಡಿ ಅನ್ನುವ ಐದು ಗೇರಿನ ಬಾಕ್ಸ್ ಕೇಳುವುದು ಗೇರ್ ಆಯಿಲನ್ನೇ ಅಲ್ಲ. ಕೈಯಲ್ಲಿ ಗೇರ್ ಹಾಕುವ ಬಾಕ್ಸ್ ಆದರೂ ಅದಕ್ಕೆ ಹಾಕುವುದು ಆಟೊಮ್ಯಾಟಿಕ್ ಗಾಡಿಗಳ ಗೇರ್‌ಬಾಕ್ಸಿನ ತೆಳು ದ್ರವ, ಎಟಿಎಫ್! 'ಗೇರ್‌ಬಾಕ್ಸ್ ಅಂದ್ರೆ ಗೇರ್ ಆಯಿಲು' ಅಂತ ಹಾಕಿದರೆ ಬೆಳಗಿನ ಚಳಿಯಲ್ಲಿ ಲಿವರ್ ಕಲ್ಲಿನ ಹಾಗಾಗುತ್ತದೆ. ಮ್ಯಾನುಯಲ್ ಇಲ್ಲದೆ ಗಾಡಿ ಕೊಂಡವರು ಮೊದಲು ಮ್ಯಾನುಯಲ್ ಹುಡುಕಿ. ಆಯಿಲ್ ಆಮೇಲೆ.

ಇನ್ನೊಂದು ಮಾತು, ಇದನ್ನು ನನಗೆ ಹೇಳಿಕೊಟ್ಟದ್ದು ಒಬ್ಬ ಹಳೇ ಮೇಸ್ತ್ರಿ. ಗೇರ್‌ಬಾಕ್ಸ್ ಆಗಲಿ, ಹಿಂದಿನ ಕ್ರೌನ್ ಆಗಲಿ, ಆಯಿಲ್ ಇಳಿಸುವ ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ತುಂಬುವ ಮೇಲಿನ ಬೋಲ್ಟ್ ಬಿಚ್ಚಿ ನೋಡಬೇಕು. ಮೂವತ್ತು ವರ್ಷ ತುಕ್ಕು ಹಿಡಿದು ಕೂತ ಬೋಲ್ಟ್ ಅದು. ಕೆಳಗಿನದನ್ನು ಬಿಚ್ಚಿ ಪೂರ್ತಿ ಖಾಲಿ ಮಾಡಿದ ಮೇಲೆ ಮೇಲಿನದು ಬರಲಿಲ್ಲ ಅಂದರೆ ಗಾಡಿ ಅಲ್ಲೇ ಕೂತಿತು ಅಂತ ಲೆಕ್ಕ.

ಈಗ ಕ್ರೌನ್ ವಿಚಾರ. ಹಿಂದಿನ ಆಕ್ಸಲ್‌ನ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿರುವ ಭಾಗ. ಅಲ್ಲಿ ಸಿಂಕ್ರೊ ಇಲ್ಲ, ಹಿಡಿತದ ಗೊಡವೆ ಇಲ್ಲ. ಶಾಫ್ಟ್ ತಿರುಗಿಸುವ ಸಣ್ಣ ಗೇರು ಪಿನಿಯನ್. ಅದರ ಹಲ್ಲು ದೊಡ್ಡ ಕ್ರೌನ್ ಗೇರಿನ ಹಲ್ಲಿನ ಮೇಲೆ ಬರೀ ಉರುಳುವುದಿಲ್ಲ, ಭಾರ ಹೊತ್ತುಕೊಂಡು ಉಜ್ಜಿಕೊಂಡೇ ಹೋಗುತ್ತದೆ. ಹೈಪಾಯ್ಡ್ ಗೇರ್ ಅನ್ನುತ್ತಾರೆ. ಜಿಎಲ್-5 ಹುಟ್ಟಿರುವುದೇ ಇದಕ್ಕಾಗಿ. ಇಲ್ಲಿ ಜಿಎಲ್-4 ಹಾಕಿದರೆ ಅದು ತಪ್ಪು. ಒಂದೇ ಗಾಡಿ, ನಡುವೆ ಒಂದು ಪ್ರೊಪೆಲ್ಲರ್ ಶಾಫ್ಟ್ ಅಷ್ಟೆ. ಒಂದು ತುದಿಗೆ ಮದ್ದು ಇನ್ನೊಂದು ತುದಿಗೆ ವಿಷ. ಒಂದೇ ಚಕ್ರ ಸುಮ್ನೆ ಜಾರಿ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಇರುವ ಆಕ್ಸಲ್ ಆದರೆ ಅದರೊಳಗಿನ ಕ್ಲಚ್ ಪ್ಲೇಟುಗಳಿಗೆ ಬೇರೆ ಸೇರ್ಪಡೆಯೂ ಬೇಕಾಗುತ್ತದೆ. ಇಲ್ಲವಾದರೆ ತಿರುವಿನಲ್ಲಿ ಹಿಂದಿನಿಂದ ಗುರುಗುಟ್ಟುತ್ತದೆ.

ಕ್ರೌನ್‌ನಲ್ಲಿ ನನ್ನನ್ನು ಸತಾಯಿಸಿದ್ದು ಆಯಿಲ್ ಅಲ್ಲ, ಸೋರಿಕೆ. ಪಿನಿಯನ್ ಆಯಿಲ್ ಸೀಲ್ ಹೊಸದು ಹಾಕಿಸಿದೆ. ನಾಲ್ಕು ತಿಂಗಳಿಗೆ ಮತ್ತೆ ಒದ್ದೆ. ಇನ್ನೊಂದು ಹಾಕಿಸಿದೆ. ಮತ್ತೆ ಒದ್ದೆ. ಸೀಲೇ ಸರಿಯಿಲ್ಲ ಅಂತ ಬೈದುಕೊಂಡೆ. ಒಂದು ಭಾನುವಾರ ಆಕ್ಸಲ್ ಮೇಲಿನ ಮಣ್ಣು ಕೆರೆಯುವಾಗ ಕಿರುಬೆರಳ ತುದಿಯಷ್ಟು ದೊಡ್ಡ ಒಂದು ಟೊಪ್ಪಿಗೆ ಕೈಗೆ ತಾಗಿತು. ತಿರುಗಿಸಿದರೆ ತಿರುಗಬೇಕು, ಅಲ್ಲಾಡಲಿಲ್ಲ. ಅದು ಬ್ರೀದರ್. ಓಡಿದಂತೆ ಕ್ರೌನ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಈ ದಾರಿಯಲ್ಲಿ ಹೊರಗೆ ಹೋಗಬೇಕು. ಇಲ್ಲಿ ಮಣ್ಣು ಕಟ್ಟಿದರೆ ಗಾಳಿ ಸೀಲಿನ ತುಟಿ ಎತ್ತಿ ದಾರಿ ಮಾಡಿಕೊಳ್ಳುತ್ತದೆ, ಜೊತೆಗೆ ಆಯಿಲನ್ನೂ ಒಯ್ಯುತ್ತದೆ. ತಂತಿ ತೂರಿಸಿ ಬಿಡಿಸಿದಾಗ 'ಫುಸ್' ಅಂತ ಉಸಿರು ಬಿಟ್ಟಿತು. ಅವತ್ತು ಆ ಆಕ್ಸಲ್ ಮೇಲೆ ನನಗೆ ಕನಿಕರವೇ ಹುಟ್ಟಿತು. ಅಲ್ಲಿಂದ ಸೋರಿಲ್ಲ.

ಎಂಜಿನ್ ಆಯಿಲ್ ವಿಷಯಕ್ಕೆ ಬಂದರೆ ಎಲ್ಲರ ಬಾಯಲ್ಲೂ ಒಂದೇ ಉಪದೇಶ. 'ಹಳೇ ಎಂಜಿನ್ ಅಲ್ವಾ, ದಪ್ಪ ಆಯಿಲ್ ಹಾಕಿ.' ನಾನೂ ಒಂದು ವರ್ಷ 20ಡಬ್ಲ್ಯು-50 ಹಾಕಿದ್ದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮೇಲಿನಿಂದ ಟಕಟಕ ಸದ್ದು, ಆಯಿಲ್ ಲೈಟ್ ಆರಲು ಎರಡು ಮೂರು ಸೆಕೆಂಡು. ಡಬ್ಲ್ಯುಗೆ ಮುಂಚಿನ ನಂಬರು ಚಳಿಯಲ್ಲಿ ಆಯಿಲ್ ಎಷ್ಟು ಸಲೀಸು ಅನ್ನುವುದನ್ನು ಹೇಳುತ್ತದೆ. 20ಡಬ್ಲ್ಯು ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 10ಡಬ್ಲ್ಯು ಆದರೆ ಮೈನಸ್ 25ರಲ್ಲಿ. ಹಿಂದಿನ ನಂಬರು ಆಯಿಲ್ ಕಾದಾಗಿನ ದಪ್ಪ. ನನ್ನ ಮ್ಯಾನುಯಲ್‌ನಲ್ಲಿ ಹೊರಗಿನ ಬಿಸಿ ಎಷ್ಟಿದ್ದರೆ ಯಾವ ಗ್ರೇಡ್ ಅಂತ ಪಟ್ಟಿ ಎಳೆದ ಒಂದು ಚಿತ್ರವೇ ಇದೆ. ಅದನ್ನು ನೋಡಿ 10ಡಬ್ಲ್ಯು-40ಕ್ಕೆ ಇಳಿದೆ. ಟಕಟಕ ಹೋಯಿತು. ಆಯಿಲ್ ನಿಜಕ್ಕೂ ಸುಡುತ್ತಿದ್ದರೆ, ಬಿಸಿಯಲ್ಲಿ ಪ್ರೆಶರ್ ಬೀಳುತ್ತಿದ್ದರೆ ದಪ್ಪದ್ದು ಸ್ವಲ್ಪ ದಿನ ತಳ್ಳಲು ಆಗುತ್ತದೆ. ಸುಮ್ನೆ ವಯಸ್ಸಾಯಿತು ಅಂತ ಬೇಡ.

ಅಂದಹಾಗೆ ಗೇರ್ ಆಯಿಲ್ ನಂಬರನ್ನು ಎಂಜಿನ್ ಆಯಿಲ್ ನಂಬರಿನ ಪಕ್ಕ ಇಟ್ಟು ನೋಡಬೇಡಿ. ಅಳತೆಗೋಲೇ ಬೇರೆ. ಗೇರ್ ಆಯಿಲ್‌ನ 90 ಅಂದರೆ ಹೆಚ್ಚೂಕಮ್ಮಿ ಎಂಜಿನ್ ಆಯಿಲ್‌ನ 40, 50ರ ದಪ್ಪ. ಒಂದು ಇಂಚುಪಟ್ಟಿ, ಇನ್ನೊಂದು ಸೆಂಟಿಮೀಟರ್ ಪಟ್ಟಿ ಅಂದುಕೊಳ್ಳಿ.

ಎಂಜಿನ್ ಆಯಿಲ್ ಡಬ್ಬಿಯ ಮೇಲೆ ಇರುವ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಅಕ್ಷರಗಳಲ್ಲೂ ಒಂದು ಕೊಕ್ಕೆ ಇದೆ. ಪೆಟ್ರೋಲ್ ಎಂಜಿನ್ನಿಗೆ ಎಸ್ಎಲ್, ಎಸ್ಎಂ, ಎಸ್ಎನ್, 2020ರಲ್ಲಿ ಬಂದ ಎಸ್‌ಪಿ ಹೀಗೆ ಅಕ್ಷರ ಮುಂದೆ ಹೋದಷ್ಟೂ ಹೊಸದು. ಹೆಚ್ಚಿನ ವಿಷಯಗಳಲ್ಲಿ ಹೊಸದು ಒಳ್ಳೆಯದೇ. ಆದರೆ 2004ರ ಎಸ್ಎಂನಿಂದ ತೆಳು ಗ್ರೇಡುಗಳಲ್ಲಿ ರಂಜಕವನ್ನು ನೂರಕ್ಕೆ 0.08ಕ್ಕೆ ಮಿತಿ ಮಾಡಿದರು. ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ ಅಂತ. ಸತು ಮತ್ತು ರಂಜಕ ಸೇರಿದ ಆ ವಸ್ತುವೇ ಹಳೇ ಎಂಜಿನ್ನಿನಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಸವೆಯದಂತೆ ಕಾಯುವುದು. ನನ್ನ ಗಾಡಿಯಲ್ಲಿ ಕ್ಯಾಮ್ ಮೇಲೆ ರೋಲರ್ ಇಲ್ಲ, ಲೋಹಕ್ಕೆ ಲೋಹ ನೇರ ಉಜ್ಜುತ್ತದೆ. 10ಡಬ್ಲ್ಯು-40 ಗ್ರೇಡಿಗೆ ಆ ಮಿತಿ ಇರಲಿಲ್ಲ. ಅದನ್ನು ಆರಿಸಲು ನನಗೆ ಅದೂ ಒಂದು ಕಾರಣ. ಡೀಸೆಲ್ ಪಿಕಪ್ ಇದ್ದವರು 'ಸಿ' ಅಕ್ಷರದ ಸಾಲು ನೋಡಬೇಕು, ಸಿಐ-4, ಸಿಕೆ-4 ಹೀಗೆ. ಅದು ಮರುದಿನವೇ ಕಪ್ಪಾದರೆ ಗಾಬರಿ ಬೇಡ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ.

ಕೂಲೆಂಟ್‌ನಲ್ಲಿ ಬಣ್ಣ ನೋಡಿ ಮೋಸ ಹೋಗಬೇಡಿ. ಹಸಿರು, ಕೆಂಪು, ಕೇಸರಿ ಇವಕ್ಕೆ ಎಲ್ಲರೂ ಒಪ್ಪಿದ ಅರ್ಥ ಇಲ್ಲ. ಒಳಗಿನ ಸೇರ್ಪಡೆ ಏನು ಅನ್ನುವುದು ಮುಖ್ಯ. ಸಿಲಿಕೇಟ್ ಇರುವ ಹಳೇ ಬಗೆಯದ್ದು ಎರಡು ವರ್ಷಕ್ಕೆ ಬದಲಿಸಬೇಕು, ಆರ್ಗ್ಯಾನಿಕ್ ಆಸಿಡ್ ಬಗೆಯದ್ದು ಐದು ವರ್ಷದವರೆಗೂ ಬರುತ್ತದೆ. ಇಲ್ಲೂ ಐದು ಗೆದ್ದಿತು ಅನ್ನಬೇಡಿ. ನನ್ನದು ಬೆಸುಗೆ ಹಾಕಿದ ತಾಮ್ರ ಹಿತ್ತಾಳೆಯ ರೇಡಿಯೇಟರ್, ಮ್ಯಾನುಯಲ್ ಹೇಳಿದ್ದು ಹಳೇ ಬಗೆ, ಅದನ್ನೇ ಹಾಕುತ್ತೇನೆ. ನನಗಿಂತ ಮುಂಚಿನ ಮಾಲೀಕರು ಎರಡನ್ನೂ ಬೆರೆಸಿದ್ದಿರಬೇಕು. ಮೊದಲ ಸಲ ಮುಚ್ಚಳ ತೆಗೆದಾಗ ಒಳಗೆ ಕಂದು ಬಣ್ಣದ ಲೋಳೆ.

ಪೂರ್ತಿ ಕೂಲೆಂಟನ್ನೇ ಹಾಕಿದರೆ ಇನ್ನೂ ಒಳ್ಳೆಯದು ಅನ್ನುವವರೂ ಇದ್ದಾರೆ. ಅರ್ಧ ಡಿಸ್ಟಿಲ್ಡ್ ವಾಟರ್, ಅರ್ಧ ಎಥಿಲೀನ್ ಗ್ಲೈಕಾಲ್ ಬೆರೆತರೆ ಮೈನಸ್ 37 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ. ಬರೀ ಗ್ಲೈಕಾಲ್ ಮೈನಸ್ 13ಕ್ಕೇ ಹೆಪ್ಪುಗಟ್ಟುತ್ತದೆ! ಬಿಸಿ ಹೊರುವುದರಲ್ಲೂ ನೀರಿನಷ್ಟು ಗಟ್ಟಿ ಅಲ್ಲ. ಇಳಿಸಿದ್ದನ್ನು ತೆರೆದ ಬಾಂಡಲಿಯಲ್ಲಿ ಬಿಡಬೇಡಿ. ರುಚಿ ಸಿಹಿ, ಆದರೆ ವಿಷ. ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ.

ಬ್ರೇಕ್ ಆಯಿಲ್. ಹಾಗೆ ಕರೆಯುವುದೇ ಅಪಾಯ, ಅದು ಆಯಿಲ್ ಅಲ್ಲ. ಗೊತ್ತಿದ್ದವರೊಬ್ಬರು 'ಆಯಿಲ್ ತಾನೇ' ಅಂತ ಪವರ್ ಸ್ಟೀರಿಂಗ್‌ನದನ್ನು ಬ್ರೇಕ್ ಡಬ್ಬಿಗೆ ಸುರಿದರು. ಮುಚ್ಚಳದೊಳಗಿನ ರಬ್ಬರು ಊದಿಕೊಂಡು ವಾಪಸ್ ಕೂರಲೇ ಇಲ್ಲ. ಅಲ್ಲಿ ಊದಿದ್ದು ಮಾಸ್ಟರ್ ಸಿಲಿಂಡರಿನಲ್ಲೂ, ನಾಲ್ಕು ಚಕ್ರದಲ್ಲೂ ಊದಿತ್ತು. ಎಲ್ಲಾ ರಬ್ಬರು ಹೊಸದು ಹಾಕಿಸಬೇಕಾಯಿತು.

ನನ್ನ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಂತ ಅಚ್ಚೊತ್ತಿದೆ. ನಾನು ಹಾಕುವುದು ಡಾಟ್ 4. ಇಲ್ಲಿ ಮಾತ್ರ ನಾಲ್ಕು ಮೂರಕ್ಕಿಂತ ಮೇಲು ಅನ್ನಬಹುದು. ಎರಡೂ ಗ್ಲೈಕಾಲ್ ಜಾತಿಯವೇ. ಹೊಸದಿದ್ದಾಗ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಇದು ಗಾಳಿಯಿಂದ ನೀರು ಹೀರುತ್ತದೆ. ನೂರಕ್ಕೆ 3.7 ಪಾಲು ನೀರು ಸೇರಿದರೆ ಆ ಲೆಕ್ಕ 140 ಮತ್ತು 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಹಲಗೆ ಹೊತ್ತು ಬರುವಾಗ ಅದು ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಅದಕ್ಕೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುತ್ತೇನೆ, ಅರ್ಧ ಉಳಿದ ಹಳೇ ಡಬ್ಬಿ ಮುಟ್ಟುವುದಿಲ್ಲ. ಇನ್ನು ಡಾಟ್ 5? ಅದು ಸಿಲಿಕೋನ್, ಬೇರೆ ಜಾತಿ, ಇದರ ಜೊತೆ ಬೆರೆಸಲೇಬಾರದು. ಡಾಟ್ 5.1 ಮಾತ್ರ ಮತ್ತೆ ಗ್ಲೈಕಾಲ್! ಹೆಸರಿಟ್ಟವರಿಗೆ ನನ್ನ ನಮಸ್ಕಾರ.

ಗ್ರೀಸ್ ಬಗ್ಗೆ ಎರಡೇ ಮಾತು. ಡಬ್ಬಿಯ ಮೇಲಿನ ಎನ್ಎಲ್‌ಜಿಐ 2 ಅನ್ನುವುದು ಎಷ್ಟು ಗಟ್ಟಿ ಅನ್ನುವುದನ್ನಷ್ಟೇ ಹೇಳುತ್ತದೆ, ಎಷ್ಟು ಒಳ್ಳೆಯದು ಅಂತಲ್ಲ. ಲಿಥಿಯಂ ಕಾಂಪ್ಲೆಕ್ಸ್ ಬಗೆಯ ಗ್ರೀಸ್ ಇರುವ ಕಡೆ ಪಾಲಿಯೂರಿಯ ಬಗೆಯದ್ದನ್ನು ಬೆರೆಸಿದರೆ ಎರಡೂ ನೀರಾಗಿ ಹರಿದುಹೋಗಬಹುದು. ವೀಲ್ ಬೇರಿಂಗಿಗೆ ಹಳೆಯದನ್ನು ಪೂರ್ತಿ ತೊಳೆದೇ ಹೊಸದು ಮೆತ್ತುತ್ತೇನೆ.

ತಪ್ಪು ತಿಳಿದು ತಂದ ಆ ಜಿಎಲ್-5ರಲ್ಲಿ ಒಂದು ಡಬ್ಬಿ ಮುಚ್ಚಳ ತೆಗೆಯದೆ ಉಳಿದಿತ್ತು. ಅದು ಹೋದ ತಿಂಗಳು ಕ್ರೌನ್‌ಗೆ ಹೋಯಿತು. ತುಂಬುವ ತೂತಿಗೆ ಕಿರುಬೆರಳು ಹಾಕಿ ಮಡಚಿ ನೋಡಿದೆ. ಬೆರಳ ತುದಿ ಒದ್ದೆಯಾಯಿತು, ಮಟ್ಟ ಸರಿ ಇದೆ. ಬೋಲ್ಟ್ ಬಿಗಿ ಮಾಡಿ, ಬ್ರೀದರ್ ಟೊಪ್ಪಿಗೆ ಒಮ್ಮೆ ತಿರುಗಿಸಿ, ಗಾಡಿಯ ಕೆಳಗಿನಿಂದ ಹೊರಗೆ ಬಂದೆ. ಅಂಗಿ ಅದೇ, ಗಾಡಿಯ ಅಂಗಿ.